ಯಾವೂರು ನಿಮ್ಮದು?

ಪಿಯುಸಿ ಫಲಿತಾಂಶ ಬಂತೆಂದರೆ ಕಲಬುರಗಿ ಸೀಮೆಯ ಮನೆಮನೆಗಳಲ್ಲಿ ಹಳೆಯ ಟ್ರಂಕುಗಳ ಬೀಗ ತೆರೆಯುತ್ತದೆ. ಅಪ್ಪನ ಶಾಲೆಯ ದಾಖಲೆ, ಅಜ್ಜನ ಹೆಸರಿನ ಪಹಣಿ, ಮಗುವಿನ ಜನನ ಪತ್ರ, ರೇಷನ್ ಕಾರ್ಡು ಒಂದೊಂದಾಗಿ ಹೊರಗೆ ಬರುತ್ತವೆ. ಇವೆಲ್ಲ ಸೇರಿ ಸಾಬೀತು ಮಾಡಬೇಕಾದ ಸಂಗತಿ ಒಂದೇ: ಈ ಹುಡುಗ ಅಥವಾ ಈ ಹುಡುಗಿ ಇದೇ ಸೀಮೆಯವರು. ಸಂವಿಧಾನದ 371(ಜೆ) ವಿಧಿಯಿಂದಾಗಿ ಈ ಭಾಗದ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 70ರಷ್ಟು ಸೀಟುಗಳು, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ. 8ರಷ್ಟು ಸೀಟುಗಳು ಇಲ್ಲಿನ ಮಕ್ಕಳಿಗೆ ಮೀಸಲು. ಸಹಾಯಕ ಆಯುಕ್ತರ ಮೊಹರಿರುವ ಒಂದು ಹಾಳೆ ಕೈಗೆ ಬಂದರೆ ಇಂಜಿನಿಯರಿಂಗ್ ಸೀಟೊಂದು ಹತ್ತಿರವಾಗುತ್ತದೆ. ಬಾರದಿದ್ದರೆ ದೂರವಾಗುತ್ತದೆ.

2012ರ 98ನೇ ತಿದ್ದುಪಡಿಯ ಮೂಲಕ ಬಂದ ಈ ವಿಧಿ, ಹುಟ್ಟಿನಿಂದಾಗಲಿ ವಾಸದಿಂದಾಗಲಿ ಈ ಪ್ರದೇಶಕ್ಕೆ ಸೇರಿದ ವಿದ್ಯಾರ್ಥಿಗಳ ಮಾತನ್ನು ಆಡುತ್ತದೆ. 'ಸೇರಿದ' ಎಂಬುದು ಚಿಕ್ಕ ಮಾತು, ಅದರ ಭಾರ ದೊಡ್ಡದು. ಕನ್ನಡದಲ್ಲಿ ಸೇರುವುದಕ್ಕೆ ಒಂದಲ್ಲ, ಮೂರು ಅರ್ಥ. ದೂರದಿಂದ ಬಂದವನು ಊರು ಸೇರುತ್ತಾನೆ. ಹೊಲ ಒಬ್ಬನಿಗೆ ಸೇರಿರುತ್ತದೆ. ರುಚಿಸದ ಊಟ ಬಾಯಿಗೆ ಸೇರುವುದಿಲ್ಲ. ತಲುಪುವುದು, ಒಡೆತನ, ಒಗ್ಗುವುದು ಈ ಮೂರನ್ನೂ ಭಾಷೆ ಒಂದೇ ಪದದಲ್ಲಿ ಕಟ್ಟಿಟ್ಟಿದೆ. ಬಸ್ಸಿನಲ್ಲಿ ಪಕ್ಕ ಕೂತವರು "ಯಾವೂರ್ರೀ ನಿಮ್ದು?" ಎಂದು ಕೇಳುವಾಗಲೂ ಈ ಮೂರು ಅರ್ಥಗಳು ಒಟ್ಟಿಗೇ ಇರುತ್ತವೆ. ಕಚೇರಿಗೆ ಮಾತ್ರ ಕಾಗದದ ಉತ್ತರ ಬೇಕು.

ಈ ಪ್ರಶ್ನೆ 371(ಜೆ) ಜೊತೆಗೆ ಹುಟ್ಟಿದ್ದಲ್ಲ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಇದಕ್ಕೆ 'ಮುಲ್ಕಿ' ಎಂಬ ಹೆಸರಿತ್ತು. ಮುಲ್ಕ್ ಎಂದರೆ ನಾಡು, ಮುಲ್ಕಿ ಎಂದರೆ ನಾಡಿನವನು. ಉತ್ತರ ಭಾರತದಿಂದ ಬಂದವರಿಗೇ ಸರಕಾರಿ ನೌಕರಿಗಳು ಹೋಗುತ್ತಿವೆ ಎಂಬ ಅಸಮಾಧಾನ ಸಂಸ್ಥಾನದಲ್ಲಿ ಬಹಳ ದಿನಗಳಿಂದ ಇತ್ತು. 1919ರಲ್ಲಿ ಮುಲ್ಕಿ ನಿಯಮಗಳು ಬಂದವು. ಅವುಗಳ ಪ್ರಕಾರ ಸಂಸ್ಥಾನದಲ್ಲಿ ಹುಟ್ಟಿದವನು ಮುಲ್ಕಿ. ಹೊರಗಿನವನಾದರೆ 15 ವರ್ಷ ಇಲ್ಲಿ ವಾಸಿಸಿರಬೇಕು. ಅಷ್ಟೇ ಸಾಲದು, ತನ್ನ ಹಿಂದಿನ ಊರಿಗೆ ಮರಳುವ ವಿಚಾರವನ್ನು ಬಿಟ್ಟಿದ್ದೇನೆಂದು ಮ್ಯಾಜಿಸ್ಟ್ರೇಟರ ಮುಂದೆ ಪ್ರಮಾಣಪತ್ರ ಬರೆದುಕೊಡಬೇಕು. ವರ್ಷಗಳನ್ನು ಎಣಿಸುವ ಕಾನೂನು ಮನಸ್ಸಿನ ಬಗೆಗೂ ಕೇಳಿತು ಎಂಬುದು ಗಮನಿಸತಕ್ಕ ಸಂಗತಿ. ಎಷ್ಟು ವರ್ಷದಿಂದ ಇದ್ದೀಯೆ ಎಂದಷ್ಟೇ ಅಲ್ಲ, ಇನ್ನು ಮುಂದೆ ಎಲ್ಲಿರಬೇಕೆಂದುಕೊಂಡಿದ್ದೀಯೆ ಎಂದೂ.

ಇನ್ನೂ ಹಿಂದಕ್ಕೆ ಹೋದರೆ ಬಹಮನಿಗಳ ಕಾಲ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಸ್ಥಾಪಿಸಿದ ರಾಜ್ಯಕ್ಕೆ ಕಲಬುರಗಿಯೇ ಮೊದಲ ದೊಡ್ಡ ರಾಜಧಾನಿ. 15ನೇ ಶತಮಾನದಲ್ಲಿ ರಾಜಧಾನಿ ಬೀದರಿಗೆ ಹೋಯಿತು. ಆ ದರಬಾರಿನಲ್ಲಿ ಮೊದಲೇ ಬಂದು ನೆಲೆಸಿದ ದಖನಿಗಳು ಒಂದು ಕಡೆ, ಇರಾನ್ ಮತ್ತು ಮಧ್ಯ ಏಷ್ಯಾದಿಂದ ಹೊಸದಾಗಿ ಬಂದ ಆಫಾಕಿಗಳು ಇನ್ನೊಂದು ಕಡೆ. ಗೀಲಾನಿನಿಂದ ಬಂದ ಮಹಮೂದ್ ಗವಾನ್ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಈ ನಾಡಿನಲ್ಲಿ ಬದುಕಿ, ಪ್ರಧಾನಿಯಾಗಿ, ಬೀದರಿನಲ್ಲಿ ಮದರಸಾ ಕಟ್ಟಿಸಿದ. ಆದರೂ ಎದುರು ಗುಂಪಿನವರ ಕಣ್ಣಿಗೆ ಪರದೇಶಿಯಾಗಿಯೇ ಉಳಿದ. 1481ರಲ್ಲಿ ಒಂದು ಖೊಟ್ಟಿ ಪತ್ರವನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಆ ಮೇಲೆ ರಾಜ್ಯ ಬಹುಕಾಲ ಒಂದಾಗಿ ಉಳಿಯಲಿಲ್ಲ. ನಮ್ಮವ, ಪರಕೀಯ ಎಂಬ ಲೆಕ್ಕ ಹದ ತಪ್ಪಿದರೆ ಬೆಲೆ ತೆರುವವನು ಒಬ್ಬನೇ ಅಲ್ಲ ಎಂಬುದಕ್ಕೆ ಈ ಸೀಮೆಯ ಚರಿತ್ರೆಯಲ್ಲೇ ಪಾಠವಿದೆ.

1948ರಲ್ಲೂ ಅದೇ ಕಂಡಿತು. ರಜಾಕಾರರ ಹಾವಳಿಗೆ ಹೆದರಿ ಹಳ್ಳಿಯ ಜನ ಮನೆಮಠ ಬಿಟ್ಟು ಸಂಸ್ಥಾನದ ಗಡಿ ದಾಟಿದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಇದೇ ಸೀಮೆಯ ಅನೇಕ ಮುಸ್ಲಿಂ ಕುಟುಂಬಗಳು ಜೀವ, ಆಸ್ತಿ ಎರಡನ್ನೂ ಕಳೆದುಕೊಂಡವು. ತಲೆತಲಾಂತರದಿಂದ ಒಂದೇ ಬಾವಿಯ ನೀರು ಕುಡಿದವರಿಗೆ, ಊರು ಯಾರದು ಎಂಬ ಪ್ರಶ್ನೆ ಕೆಲವೇ ವಾರಗಳಲ್ಲಿ ಪ್ರಾಣದ ಪ್ರಶ್ನೆಯಾಯಿತು. ಹಿರಿಯರು ಈ ಮಾತನ್ನು ಎತ್ತದೆ ಸುಮ್ಮನಾಗುವುದುಂಟು. ಸುಮ್ಮನಿರುವುದೂ ಒಂದು ಬಗೆಯ ನೆನಪೇ.

ಹಾಗಾದರೆ ಒಬ್ಬ ಮನುಷ್ಯ ಒಂದು ಊರಿನವನು ಎನ್ನಲು ಆಧಾರವೇನು? ಜನ ಸಾಮಾನ್ಯವಾಗಿ ಮೂರು ಆಧಾರ ಕೊಡುತ್ತಾರೆ. ಊರಿನ ಹೆಸರು, ಊರಿನಲ್ಲಿರುವ ಆಸ್ತಿ, ಊರಿನ ಕತೆ. ಮೂರನ್ನೂ ಒಂದೊಂದಾಗಿ ನೋಡಬಹುದು.

ಮೊದಲು ಹೆಸರು. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು 35 ಕಿಲೋಮೀಟರ್ ದೂರದಲ್ಲಿ ಕಮಲಾಪುರ ಸಿಗುತ್ತದೆ. ಅಲ್ಲಿ 1940ರ ಸುಮಾರಿಗೆ ಹುಟ್ಟಿ ಇಂದಿಗೂ ಅದೇ ಓಣಿಯಲ್ಲಿರುವ ಅಜ್ಜಿಯೊಬ್ಬರನ್ನು ಊಹಿಸಿಕೊಳ್ಳಿ. ಹುಟ್ಟುವಾಗ ಅವರು ನಿಜಾಮರ ಪ್ರಜೆ. 1948ರ ಸೆಪ್ಟೆಂಬರ್ 17ರ ನಂತರ ಭಾರತದ ಹೈದರಾಬಾದ್ ರಾಜ್ಯದವರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದವರು. 1973ರಲ್ಲಿ ಕರ್ನಾಟಕದವರು. 2014ರ ನವೆಂಬರ್ 1ರಂದು ಅವರ ಜಿಲ್ಲೆ ಗುಲ್ಬರ್ಗಾ ಹೋಗಿ ಕಲಬುರಗಿಯಾಯಿತು. 2019ರಲ್ಲಿ ಅವರ ಸೀಮೆ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ಕಲಬುರಗಿ ತಾಲ್ಲೂಕಿನಲ್ಲಿದ್ದ ಅವರ ಊರೇ ಒಂದು ತಾಲ್ಲೂಕಾಯಿತು. ಅಜ್ಜಿ ಒಂದು ಹೆಜ್ಜೆಯೂ ಅತ್ತಿತ್ತ ಸರಿಯಲಿಲ್ಲ, ವಿಳಾಸ ಮಾತ್ರ ಇಷ್ಟು ಸಲ ಬದಲಾಯಿತು. ವಿಚಿತ್ರವೆಂದರೆ 371(ಜೆ) ವಿಧಿಯಲ್ಲಿ ಇರುವುದು ಇನ್ನೂ ಹೈದರಾಬಾದ್ ಕರ್ನಾಟಕವೆಂಬ ಹೆಸರೇ.

ಹೆಸರಿನ ಸುತ್ತ ಜಗಳವೂ ಉಂಟು. ಕಲ್ಲಿನ ನೆಲವಾದ್ದರಿಂದ ಕಲಬುರಗಿ ಎನ್ನುವವರಿದ್ದಾರೆ. ಫಾರಸಿಯಲ್ಲಿ ಗುಲ್ ಎಂದರೆ ಹೂವು, ಬರ್ಗ್ ಎಂದರೆ ಎಲೆ, ಆದ್ದರಿಂದ ಗುಲ್ಬರ್ಗಾ ಎಂದರೆ ಹೂವೆಲೆಗಳ ಊರು ಎನ್ನುವವರೂ ಇದ್ದಾರೆ. ಬಹಮನಿಗಳು ಇಟ್ಟ ಇನ್ನೊಂದು ಹೆಸರು ಅಹಸನಾಬಾದ್. ಅದು ಆಡುಮಾತಿನಲ್ಲಿ ನಿಲ್ಲಲಿಲ್ಲ. ಹಳ್ಳಿಯಿಂದ ಸಂತೆಗೆ ಬರುವವರ ಬಾಯಲ್ಲಿ ಕಲಬುರ್ಗಿ ಯಾವ ಸರಕಾರದ ಆದೇಶಕ್ಕೂ ಕಾಯದೆ ಉಳಿದುಕೊಂಡಿತ್ತು. ಹೆಸರನ್ನು ಇಡುವವರು ಅರಸರು, ಉಳಿಸುವವರು ಕರೆಯುವವರು.

ಎರಡನೆಯದು ಆಸ್ತಿ. ಕಚೇರಿಗೆ ಎಲ್ಲಕ್ಕಿಂತ ಇಷ್ಟವಾದ ಪುರಾವೆ ಇದು. ಪಹಣಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಖಾತೆದಾರನ ಹೆಸರು ಇದ್ದರೆ ಮಾತು ಮುಗಿಯಿತು. ಆದರೆ ಆ ಕಾಗದಕ್ಕೂ ಚರಿತ್ರೆ ಇದೆ. ನಿಜಾಮರ ಕಾಲದಲ್ಲಿ ಎಷ್ಟೋ ಹಳ್ಳಿಗಳು ಜಾಗೀರುಗಳಾಗಿದ್ದವು. ಉಳುವವನ ಹೆಸರು ಒಂದು, ಕಂದಾಯ ತಿನ್ನುವವನ ಹೆಸರು ಇನ್ನೊಂದು. 1949ರಲ್ಲಿ ಜಾಗೀರುಗಳು ರದ್ದಾದವು. 1950ರಲ್ಲಿ ಹೈದರಾಬಾದ್ ಗೇಣಿ ಕಾಯಿದೆ ಬಂತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಒಡೆಯರಾದರು. ಅಂದರೆ ಇಂದು ಮೊಮ್ಮಗನ ಕೈಯಲ್ಲಿರುವ ಪಹಣಿ ಅಜ್ಜನ ಬೆವರಿಗೆ ತಡವಾಗಿ ಸಿಕ್ಕ ರಸೀದಿ. ಅಂಥ ಎಷ್ಟೋ ಮನೆಗಳಲ್ಲಿ ಹಳೆಯ ಕಾಗದಗಳು ಉರ್ದುವಿನಲ್ಲಿವೆ. ಮೊಮ್ಮಕ್ಕಳಿಗೆ ಓದಲು ಬಾರದು, ಎಸೆಯಲು ಮನಸ್ಸು ಬಾರದು.

ಹೊಲವಿಲ್ಲದವರ ಗತಿಯೇನು? ಈ ಸೀಮೆಯ ತಾಂಡಾಗಳಲ್ಲಿ ತಲೆಮಾರುಗಳಿಂದ ವಾಸಿಸುತ್ತಿದ್ದ ಬಂಜಾರ ಕುಟುಂಬಗಳಿಗೆ ಗುಡಿಸಲಿತ್ತು, ದೇವರಿತ್ತು, ಹಾಡಿತ್ತು. ಸರಕಾರದ ದಾಖಲೆಯಲ್ಲಿ ಊರು ಮಾತ್ರ ಇರಲಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಈ ಐದು ಜಿಲ್ಲೆಗಳಲ್ಲಿ ದಾಖಲೆಯಿಲ್ಲದ ಸುಮಾರು 1475 ಜನವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸಿ, 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ಕೊಡಲಾಯಿತು. ಆ ದಿನಕ್ಕೆ ಮೊದಲು ಅವರು ಅಲ್ಲಿಯವರಾಗಿರಲಿಲ್ಲವೆ? ಆಗಿದ್ದರು. ಆದರೆ ಬ್ಯಾಂಕು ಸಾಲ ಕೊಡುವಾಗ, ರಸ್ತೆಯ ಅಂದಾಜುಪಟ್ಟಿ ಬರೆಯುವಾಗ ಹಕ್ಕುಪತ್ರ ಮಾತಾಡುತ್ತದೆ, ಹಾಡು ಮಾತಾಡುವುದಿಲ್ಲ. ಕಾಗದವೇ ಎಲ್ಲ ಅಲ್ಲ, ನಿಜ. ಕಾಗದ ಏನೂ ಅಲ್ಲವೆನ್ನುವುದು ಮಾತ್ರ ಕಾಗದ ಇದ್ದವರ ಮಾತು.

ಕಲಬುರಗಿಯ ಕೋಟೆಯಲ್ಲಿ ಈ ತೊಡಕು ಇನ್ನೊಂದು ರೂಪದಲ್ಲಿ ಕಾಣುತ್ತದೆ. 1367ರ ಜಾಮಿ ಮಸೀದಿ ಇರುವ ಆ ಕೋಟೆ ಸಂರಕ್ಷಿತ ಸ್ಮಾರಕ. ತೆರೆದ ಅಂಗಳವೇ ಇಲ್ಲದೆ, ಇಡೀ ಮಸೀದಿಗೆ ಗುಮ್ಮಟಗಳ ಮಾಡು ಹೊದಿಸಿದ ಕಟ್ಟಡವೆಂದು ಅದು ದೇಶದಲ್ಲೇ ಹೆಸರಾದದ್ದು. ಅದೇ ಗೋಡೆಗಳ ಒಳಗೆ ಮನೆ ಕಟ್ಟಿಕೊಂಡು ಬದುಕಿದ ಕುಟುಂಬಗಳೂ ಉಂಟು. ಅವರನ್ನು ತೆರವು ಮಾಡುವ ವಿಚಾರ ನ್ಯಾಯಾಲಯದ ಮೆಟ್ಟಿಲನ್ನೂ ಏರಿದೆ. ಸ್ಮಾರಕ ಎಲ್ಲರ ಆಸ್ತಿ, ಮನೆ ಒಬ್ಬರ ಆಸರೆ. ಎರಡೂ ನ್ಯಾಯವಾದ ಮಾತೇ ಆದಾಗ ತೀರ್ಪು ಕಷ್ಟವಾಗುತ್ತದೆ ಎಂಬುದನ್ನು ಪೌರನೀತಿಯ ಪುಸ್ತಕಕ್ಕಿಂತ ಈ ಕೋಟೆ ಚೆನ್ನಾಗಿ ಕಲಿಸುತ್ತದೆ.

ಆಸ್ತಿ ಎಂದರೆ ಮಾರಬಹುದಾದದ್ದು ಎಂದು ಬಹಳ ಜನ ತಿಳಿದಿದ್ದಾರೆ. ಮಾರಲಾಗದ ಆಸ್ತಿಯೊಂದು ಕಮಲಾಪುರದಲ್ಲಿದೆ. ಅದು ಅಲ್ಲಿನ ಕೆಂಪು ಬಾಳೆಯ ಹೆಸರು. ಸಿಪ್ಪೆ ಕೆಂಪು, ಒಳಗೆ ಕೆನೆ ಬಣ್ಣದ ತಿರುಳು. ಸಾಮಾನ್ಯ ಬಾಳೆಗಿಂತ ಗೊನೆ ತಡ, ಗೊಬ್ಬರ ನೀರಿನ ಖರ್ಚು ಹೆಚ್ಚು. ಅದಕ್ಕೇ ಶ್ರೀಮಂತರ ಹಣ್ಣೆಂಬ ಹೆಸರೂ ಅದಕ್ಕಿದೆ. 'ಕಮಲಾಪುರ ಕೆಂಪು ಬಾಳೆ' ಎಂಬುದು ಭೌಗೋಳಿಕ ಗುರುತಿನ ಕಾಯಿದೆಯಡಿ ನೋಂದಣಿಯಾಗಿದೆ. 1999ರ ಈ ಕಾಯಿದೆ ಜಾರಿಗೆ ಬಂದದ್ದು 2003ರಲ್ಲಿ. ಇದರ ಪ್ರಕಾರ ನೋಂದಣಿಯಾದ ಹೆಸರನ್ನು ಯಾರೂ ಮಾರುವಂತಿಲ್ಲ, ಅಡವಿಡುವಂತಿಲ್ಲ, ಬೇರೆಯವರಿಗೆ ವಹಿಸಿಕೊಡುವಂತಿಲ್ಲ. ಕೆಂಪು ಬಾಳೆ ಕೇರಳದಲ್ಲೂ ತಮಿಳುನಾಡಿನಲ್ಲೂ ಬೆಳೆಯುತ್ತದೆ. ಅದನ್ನು ಯಾರೂ ತಡೆಯಲಾರರು. ಬಾಳೆಯ ಕಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಕಮಲಾಪುರ ಎಂಬ ಹೆಸರನ್ನು ಒಯ್ಯಲಾಗದು. ಅದು ಆ ನೆಲಕ್ಕೆ, ಅಲ್ಲಿ ಅದನ್ನು ಬೆಳೆಯುವವರೆಲ್ಲರಿಗೆ ಒಟ್ಟಾಗಿ ಸೇರಿದ್ದು. ಜಿಲ್ಲೆಯ ತೊಗರಿ ಬೇಳೆಗೂ 2019ರಲ್ಲಿ ಇದೇ ಮಾನ್ಯತೆ ಸಿಕ್ಕಿತು. ಆ ನೋಂದಣಿಯಲ್ಲಿ ಊರಿನ ಹೆಸರು ಗುಲ್ಬರ್ಗಾ ಎಂದೇ ಇದೆ.

ಈ ಹಕ್ಕಿಗೆ ಇನ್ನೊಂದು ಷರತ್ತೂ ಉಂಟು. ನೋಂದಣಿಯ ಅವಧಿ ಹತ್ತು ವರ್ಷ, ಆಮೇಲೆ ನವೀಕರಿಸಬೇಕು. ಅದಕ್ಕಿಂತ ಮುಖ್ಯವಾಗಿ ರೈತ ಪ್ರತಿ ವರ್ಷ ಕಂದು ನೆಡಬೇಕು. ಖರ್ಚು ಹುಟ್ಟುವುದಿಲ್ಲವೆಂದು ಎಲ್ಲರೂ ಬೇರೆ ಬೆಳೆಗೆ ಹೋದರೆ ಹೆಸರು ಕಾಗದದಲ್ಲಿ ಇರುತ್ತದೆ, ಹಣ್ಣು ಬುಟ್ಟಿಯಲ್ಲಿ ಇರುವುದಿಲ್ಲ. ಊರಿನ ಮೇಲಿನ ಅಭಿಮಾನದ ವಿಷಯದಲ್ಲೂ ಮಾತು ಇದೇ. ಅಜ್ಜ ಗಳಿಸಿಟ್ಟ ಹೆಸರು ಮೊಮ್ಮಗನಿಗೆ ತಾನಾಗಿಯೇ ಬರುವುದಿಲ್ಲ.

ಮೂರನೆಯದು ಕತೆ. ಬಹಮನಿ ರಾಜ್ಯ ಕಟ್ಟಿದ ಹಸನ್ ಬಗ್ಗೆ ಒಂದು ಕತೆ ಪ್ರಸಿದ್ಧ. ಅವನು ದಿಲ್ಲಿಯಲ್ಲಿ ಗಂಗು ಎಂಬ ಬ್ರಾಹ್ಮಣನ ಆಳಾಗಿದ್ದನಂತೆ. ಒಡೆಯನ ಹೊಲ ಉಳುವಾಗ ನೇಗಿಲಿಗೆ ಸರಪಳಿ ಸಿಕ್ಕಿ, ಅಗೆದರೆ ಹೊನ್ನು ತುಂಬಿದ ಪಾತ್ರೆ. ಹಸನ್ ಅದನ್ನು ಮುಚ್ಚಿಡದೆ ಒಡೆಯನಿಗೆ ಒಪ್ಪಿಸಿದ. ಮೆಚ್ಚಿದ ಗಂಗು, ನೀನು ಅರಸನಾಗುವೆ, ಆಗ ನನ್ನ ಹೆಸರನ್ನು ಮರೆಯಬೇಡವೆಂದ. ಬ್ರಾಹ್ಮಣನ ನೆನಪಿಗೆ ಬಹಮನಿ ಎಂಬ ಹೆಸರು ಬಂತು ಎನ್ನುತ್ತದೆ ಕತೆ. ಇತರರ ಹೊಲದಲ್ಲಿ ಸಿಕ್ಕ ಹೊನ್ನನ್ನು ಮರಳಿಸಿದ್ದರಿಂದಲೇ ರಾಜ್ಯ ಸಿಕ್ಕಿತು ಎಂಬ ಈ ಕತೆ ಕೇಳಲು ಎಷ್ಟು ಚೆನ್ನ!

ಆದರೆ ಇದನ್ನು ಬರೆದ ಫರಿಷ್ತಾ ಇದ್ದದ್ದು ಬಿಜಾಪುರದಲ್ಲಿ, 17ನೇ ಶತಮಾನದ ಆರಂಭದಲ್ಲಿ. ಹಸನ್ ಪಟ್ಟಕ್ಕೆ ಬಂದು ಆಗ ಎರಡೂವರೆ ಶತಮಾನ ಕಳೆದಿತ್ತು. ಹಸನ್ ತನ್ನನ್ನು ಕರೆದುಕೊಂಡದ್ದು ಬಹಮನ್ ಷಾ ಎಂದು, ಇರಾನಿನ ಪುರಾಣದ ಅರಸ ಬಹಮನನ ವಂಶದವನೆಂದು. ಇತಿಹಾಸಕಾರರು ಗಂಗುವಿನ ಕತೆಯನ್ನು ಒಪ್ಪುವುದಿಲ್ಲ. ಇರಾನಿನ ವಂಶಾವಳಿಯೂ ಹೊಸ ಅರಸನೊಬ್ಬ ತನಗೆ ತಾನೇ ಕೊಟ್ಟುಕೊಂಡ ಪ್ರಮಾಣಪತ್ರದಂತೆಯೇ ಕಾಣುತ್ತದೆ. ಅರಸನಿಗೆ ದೂರದ ರಾಜವಂಶ ಬೇಕಾಯಿತು, ಜನಕ್ಕೆ ಈ ಮಣ್ಣು ಉತ್ತ ಆಳುಮಗ ಬೇಕಾದ. ಕತೆ ಸುಳ್ಳಿರಬಹುದು. ಪರನಾಡಿನಿಂದ ಬಂದ ಅರಸನನ್ನು ತಮ್ಮವನನ್ನಾಗಿ ಮಾಡಿಕೊಳ್ಳಲು ಜನ ಹುಡುಕಿದ ದಾರಿ ಸುಳ್ಳಲ್ಲ.

ಇಂದು ಕಲಬುರಗಿಯವರು ಭಕ್ತಿಯಿಂದ ನೆನೆಯುವ ಎರಡು ಹೆಸರು ಖ್ವಾಜಾ ಬಂದೇನವಾಜ್ ಮತ್ತು ಶರಣಬಸವೇಶ್ವರ. ಇವರಿಬ್ಬರೂ ಕಲಬುರಗಿಯಲ್ಲಿ ಹುಟ್ಟಿದವರಲ್ಲ! ಬಂದೇನವಾಜರು ದಿಲ್ಲಿಯವರು. ತೈಮೂರನ ದಾಳಿಯ ಹೊತ್ತಿಗೆ, 1398ರಲ್ಲಿ, ಆ ನಗರ ಬಿಟ್ಟರು. ಫಿರೋಜ್ ಷಾ ಬಹಮನಿಯ ಕಾಲದಲ್ಲಿ, ಸುಮಾರು 1400ರಲ್ಲಿ, ಕಲಬುರಗಿಗೆ ಬರುವಾಗ ಅವರಿಗೆ ಎಂಬತ್ತರ ಆಸುಪಾಸು. 1422ರಲ್ಲಿ ಇಲ್ಲೇ ದೇಹ ಬಿಟ್ಟರು. ಎಂಬತ್ತರ ವಯಸ್ಸಿನಲ್ಲಿ ಬಂದ ನಿರಾಶ್ರಿತರೊಬ್ಬರು ಆರು ನೂರು ವರ್ಷಗಳಿಂದ ಊರಿನ ಹಿರಿಯರಾಗಿ ಉಳಿದಿದ್ದಾರೆ. ಮುಲ್ಕಿ ನಿಯಮದ ಹದಿನೈದು ವರ್ಷದ ಲೆಕ್ಕಕ್ಕೂ ಅವರು ಪಾಸಾಗುತ್ತಿದ್ದರು ಎಂಬುದು ಬೇರೆ ಮಾತು.

ಶರಣಬಸವರು ಹುಟ್ಟಿದ್ದು ಜೇವರ್ಗಿ ಕಡೆಯ ಅರಳಗುಂಡಗಿಯಲ್ಲಿ. ಜೋಳದ ಹೊಲ ಕಾಯಲು ಕೂತು, ಕಾಳು ತಿನ್ನಲು ಬಂದ ಹಕ್ಕಿಗಳನ್ನು ಓಡಿಸದೆ ಅವಕ್ಕೆ ಕುಡಿಯಲು ನೀರನ್ನೂ ಇಟ್ಟರೆಂದು ಜನ ಹೇಳುತ್ತಾರೆ. ಮುಂದೆ ಕಲಬುರಗಿಗೆ ಬಂದು ದಾಸೋಹ ನಡೆಸಿ, 1822ರಲ್ಲಿ ಲಿಂಗೈಕ್ಯರಾದರು. ಹಕ್ಕಿಗಳ ಕತೆಯಲ್ಲಿ ಹೊಲ ಯಾರದೆಂಬ ಪ್ರಶ್ನೆಗೆ ಪಹಣಿಯಲ್ಲಿಲ್ಲದ ಉತ್ತರವಿದೆ. ಹಸಿದು ಬಂದದ್ದಕ್ಕೂ ಅಲ್ಲಿ ಪಾಲುಂಟು. ಈಗ ಇದೇ ನಗರದ ಎರಡು ವಿಶ್ವವಿದ್ಯಾಲಯಗಳಿಗೆ ಈ ಇಬ್ಬರ ಹೆಸರಿದೆ. ಹೊರಗಿನಿಂದ ಬಂದವರ ಹೆಸರಿನ ಪದವಿಪತ್ರ ಹಿಡಿದು ಇಲ್ಲಿನ ಮಕ್ಕಳು ಹೊರಗಿನ ಊರುಗಳಿಗೆ ನೌಕರಿಗೆ ಹೋಗುತ್ತಾರೆ.

ಹಾಗೆ ಹೋದವರಿಗೆ ಬೆಂಗಳೂರಿನಲ್ಲೋ ಪುಣೆಯಲ್ಲೋ ಮತ್ತೆ ಅದೇ ಪ್ರಶ್ನೆ ಎದುರಾಗುತ್ತದೆ. ಇಲ್ಲಿ ಪಹಣಿ ತೋರಿಸಿದವನು ಅಲ್ಲಿ ಬಾಡಿಗೆ ಮನೆಯ ಕರಾರು ತೋರಿಸಬೇಕು. ಮಾತಿನ ಧಾಟಿ ಕೇಳಿ ಯಾರಾದರೂ ನಕ್ಕರೆ ಮನಸ್ಸಿಗೆ ನಾಟುತ್ತದೆ. ಆ ನೋವು ಗೊತ್ತಿರುವ ಮನೆಯವರು, ತಮ್ಮ ಮಗುವಿನ ತರಗತಿಗೆ ಬಿಹಾರದಿಂದಲೋ ರಾಜಸ್ಥಾನದಿಂದಲೋ ಬಂದ ಮಗು ಸೇರಿದಾಗ ಅದರೊಡನೆ ಹೇಗೆ ಮಾತಾಡಬೇಕೆಂಬುದನ್ನು ತಮ್ಮ ಮಕ್ಕಳಿಗೆ ಹೇಳಿಕೊಡಬೇಕು. ಮೀಸಲಾತಿಯ ಹಕ್ಕನ್ನು ಕೇಳುವುದು ತಪ್ಪಲ್ಲ. ಬಹುಕಾಲ ಹಿಂದುಳಿದ ಸೀಮೆಗೆ ಅದು ಸಲ್ಲಬೇಕಾದದ್ದೇ. ಸೀಟಿನ ಲೆಕ್ಕ ಕಚೇರಿಯಲ್ಲಿರಲಿ, ಆಟದ ಬಯಲಿಗೆ ಅದು ಬರಬೇಕಾಗಿಲ್ಲ.

ಪ್ರಮಾಣಪತ್ರಕ್ಕಾಗಿ ಟ್ರಂಕು ತೆಗೆದ ಮನೆಗಳಲ್ಲಿ ಇನ್ನೊಂದು ಕೆಲಸವನ್ನೂ ಅದೇ ಕೂತಲ್ಲಿ ಮಾಡಬಹುದು. ಮಗ ಅಥವಾ ಮಗಳು ನೋಟುಬುಕ್ಕಿನ ಒಂದು ಹಾಳೆಯಲ್ಲಿ ಮೂರು ಪಟ್ಟಿ ಬರೆಯಲಿ. ಮೊದಲನೆಯದರಲ್ಲಿ ಮನೆತನ ಬದುಕಿದ ಊರುಗಳು, ಆಯಾ ಕಾಲಕ್ಕೆ ಅವಕ್ಕಿದ್ದ ಹೆಸರುಗಳು. ಎರಡನೆಯದರಲ್ಲಿ ಹೊಲ, ಮನೆ, ಬಾವಿ, ಅಥವಾ ಅವೇನೂ ಇಲ್ಲದಿದ್ದರೆ ದುಡಿದ ಹೊಲ, ಗಿರಣಿ, ಕಲ್ಲಿನ ಗಣಿ. ಸರ್ವೆ ನಂಬರಿನ ಜೊತೆಗೆ ಹೊಲಕ್ಕೆ ಮನೆಯವರು ಇಟ್ಟ ಹೆಸರನ್ನೂ ಬರೆಯಬೇಕು, ಏಕೆಂದರೆ ಅದು ಯಾವ ಕಂಪ್ಯೂಟರಿನಲ್ಲೂ ಸಿಗದು. ಮೂರನೆಯದರಲ್ಲಿ ಅಜ್ಜಿ ಹೇಳುವ ಕತೆಗಳು. ಪ್ರತಿ ಕತೆಯ ಮುಂದೆ ಅದನ್ನು ಯಾರು ಹೇಳಿದರು, ನಡೆದು ಎಷ್ಟು ವರ್ಷದ ಮೇಲೆ ಹೇಳಿದರು, ಅದರಿಂದ ಯಾರಿಗೆ ಹೆಮ್ಮೆ, ಯಾರಿಗೆ ನೋವು ಎಂದು ಬರೆದಿಡಬೇಕು. ಫರಿಷ್ತಾನಿಗೆ ಇತಿಹಾಸಕಾರರು ಕೇಳಿದ ಪ್ರಶ್ನೆಗಳೂ ಇವೇ. ಮನೆಯಲ್ಲಿ ಉರ್ದುವಿನ ಹಳೆಯ ಕಾಗದವಿದ್ದರೆ ಅದನ್ನು ಓದಬಲ್ಲ ನೆರೆಯವರೊಬ್ಬರು ಓಣಿಯಲ್ಲೇ ಇರಬಹುದು. ಅವರ ಬಾಗಿಲು ತಟ್ಟಿ, ಕಾಗದ ಓದಿಸಿ, ಅದರ ಸಾರವನ್ನು ಕನ್ನಡದಲ್ಲಿ ಬರೆದಿಟ್ಟುಕೊಳ್ಳಲು ಒಂದು ಭಾನುವಾರ ಸಾಕು.